ಸೊಪ್ಪಿನ ಬೆಟ್ಟ ಮತ್ತು ಯೂರಿಯಾ ಚೀಲ

ಕಳೆದ ಮಾಘಮಾಸದಲ್ಲಿ ಶಿರಸಿ ಸೀಮೆಯ ನಮ್ಮ ಊರಿಗೆ ಹೋಗಿದ್ದೆ. ಬೆಂಗಳೂರಿನ ನೌಕರಿ ಬಿಟ್ಟು ಅಡಿಕೆ ತೋಟಕ್ಕೆ ಮರಳಿರುವ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, "ಮಾಸ್ತರೇ, ಒಮ್ಮೆ ನಮ್ಮ ತೋಟ ನೋಡಿ ಹೋಗಬೇಕು" ಎಂದ. ಹೆಸರು ಹೇಳಲಾರೆ. ಅವನ ಸಹಪಾಠಿಗಳು ಇದನ್ನು ಓದುತ್ತಾರೆ, ಗುರುತಿಸಿದರೆ ಗುರುತಿಸಲಿ.

ಮೇಲುನೋಟಕ್ಕೆ ತೋಟ ಕಡುಹಸಿರಾಗಿತ್ತು. ಆದರೆ ಬುಡದಲ್ಲಿ ನೆಲ ಕಣದಂತೆ ಗಟ್ಟಿಯಾಗಿತ್ತು, ಕೆಳಗಿನ ಸೋಗೆಗಳ ಅಂಚು ಒಣಗಿತ್ತು, ಎಳೆಕಾಯಿಗಳು ಕಾಲಡಿಯಲ್ಲಿ ಚೆಲ್ಲಾಡಿದ್ದವು. "ಹನಿ ನೀರಾವರಿ ಮಾಡಿಸಿದ್ದೇನೆ, ಎಕರೆಗೆ ಎಂಟು ಚೀಲ ಯೂರಿಯಾ ಹಾಕಿದ್ದೇನೆ, ಆದರೂ ಕಾಯಿ ನಿಲ್ಲುವುದಿಲ್ಲ" ಎಂದು ಅವನ ಅಳಲು. ಪೊಟ್ಯಾಷ್ ಎಷ್ಟು ಎಂದು ಕೇಳಿದೆ. ಒಂದು ಚೀಲವಂತೆ.

ಜೇಬಿನಲ್ಲಿದ್ದ ಮದುವೆ ಕರೆಯೋಲೆಯ ಬೆನ್ನಿನ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ೫೫೦ ಮರ. ಫಸಲು ಕೊಡುವ ಮರವೊಂದಕ್ಕೆ ವರ್ಷಕ್ಕೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್ ಎಂಬುದು ಅಡಿಕೆಗೆ ಬಹುಕಾಲದಿಂದ ಇರುವ ಶಿಫಾರಸು. ಯೂರಿಯಾದಲ್ಲಿ ಸಾರಜನಕ ಶೇಕಡಾ ೪೬. ಹಾಗಾದರೆ ಮರಕ್ಕೆ ೨೧೭ ಗ್ರಾಂ, ಎಕರೆಗೆ ೧೨೦ ಕಿಲೋ, ಎಂದರೆ ೪೫ ಕಿಲೋ ತೂಕದ ಮೂರು ಚೀಲವೂ ಬೇಡ. ಶೇಕಡಾ ೬೦ ಸತ್ವವಿರುವ ಪೊಟ್ಯಾಷ್ ಗೊಬ್ಬರವಾದರೋ ೧೨೮ ಕಿಲೋ ಬೇಕು. ನನ್ನ ಶಿಷ್ಯ ಒಂದನ್ನು ಮೂರು ಪಟ್ಟು ಸುರಿದು, ಇನ್ನೊಂದನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿದ್ದ. ಏಳನೆಯ ತರಗತಿಯಲ್ಲಿ ಶೇಕಡಾ ಲೆಕ್ಕದಲ್ಲಿ ಅವನು ತಪ್ಪಿದ್ದು ನೆನಪಿಲ್ಲ.

ಅವನನ್ನೊಬ್ಬನನ್ನೇ ದೂರಲಾರೆ. ೨೦೧೦ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಪೊಟ್ಯಾಷ್ ಬೆಲೆ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಅಗ್ಗವಾದುದನ್ನು ರೈತ ಹೆಚ್ಚು ಹಾಕದೆ ಇನ್ನೇನು ಮಾಡಿಯಾನು? ೨೦೧೫ರಿಂದ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದ್ದಾರೆ. ಚೀಟಿ ಒಂದು ಹೇಳಿದರೆ ಬೆಲೆ ಇನ್ನೊಂದು ಹೇಳುತ್ತದೆ, ಮತ್ತು ಬೆಲೆಯ ಮಾತು ಹೆಚ್ಚು ಜೋರಾಗಿ ಕೇಳಿಸುತ್ತದೆ.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ೧೯೭೮ರಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದ ನಾನು ವಿಜ್ಞಾನದ ಹುರುಪಿನಲ್ಲಿ ಮನೆಗೆ ಯೂರಿಯಾ ಚೀಲ ಹೊರಿಸಿಕೊಂಡು ಬಂದೆ. ಅಪ್ಪಯ್ಯ ಬೇಡವೆನ್ನಲಿಲ್ಲ. "ಹಾಕು, ಆದರೆ ಸೊಪ್ಪು ನಿಲ್ಲಿಸಬೇಡ" ಎಂದಷ್ಟೇ ಹೇಳಿದರು. ಎರಡು ವರ್ಷ ಫಸಲು ಏರಿದ್ದು ಕಂಡು ನಾನು ಸೊಪ್ಪು ನಿಲ್ಲಿಸಿದೆ. ಆಳಿನ ಖರ್ಚು ಉಳಿಯಿತೆಂದು ಬೀಗಿದೆ. ಐದಾರು ವರ್ಷಗಳಲ್ಲಿ ಮಳೆಗಾಲದ ನೀರು ಮಣ್ಣಿನೊಳಗೆ ಇಳಿಯದೆ ಮೇಲೆಯೇ ಹರಿದು ಕೆಂಪಾಗಿ ಹಳ್ಳ ಸೇರತೊಡಗಿತು. ಯೂರಿಯಾ ನೆಲವನ್ನು ಮತ್ತಷ್ಟು ಹುಳಿಯಾಗಿಸುತ್ತದೆ. ನಮ್ಮದು ಮೊದಲೇ ಮಳೆ ತೊಳೆದ ಹುಳಿಮಣ್ಣು. ಈ ಸಂಗತಿ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ, ನಾನೂ ಹುಡುಕಲಿಲ್ಲ.

ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಡು. ಬೆಟ್ಟ ನಮ್ಮದಲ್ಲ, ಸೊಪ್ಪು ದರಕಿನ ಹಕ್ಕು ಮಾತ್ರ ನಮ್ಮದು. ಆ ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು, ಗೊಬ್ಬರಗುಂಡಿ ಸೇರಿ, ಕಳಿತು ಮರದ ಬುಡಕ್ಕೆ ಬರುತ್ತಿತ್ತು. ಬೆಟ್ಟ ಹೀರಿದ ಮಳೆನೀರು ಬೇಸಗೆಯಲ್ಲಿ ಒರತೆಯಾಗಿ ತೋಟಕ್ಕೇ ಇಳಿಯುತ್ತಿತ್ತು. ಗೊಬ್ಬರದ ಮೂಲವೂ ನೀರಿನ ಮೂಲವೂ ಒಂದೇ ಜಾಗ. ಶಿಫಾರಸಿನಲ್ಲಿಯೂ ರಸಗೊಬ್ಬರದ ಜೊತೆಗೆ ಮರಕ್ಕೆ ೧೨ ಕಿಲೋ ಹಸಿರೆಲೆ, ೧೨ ಕಿಲೋ ಕಾಂಪೋಸ್ಟ್ ಎಂದಿದೆ. ಆ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ.

ರಸಗೊಬ್ಬರ ಮುಟ್ಟಲೇಬಾರದೆಂಬ ವಾದ ನನ್ನದಲ್ಲ. ದನವಿಲ್ಲದ, ಆಳು ಸಿಗದ ಮನೆಗೆ ಹೋಗಿ ಎಕರೆಗೆ ಆರೂವರೆ ಟನ್ ಸೊಪ್ಪು ಹೊರಿರಿ ಎನ್ನುವುದು ಉಪದೇಶ ಮಾತ್ರವಾದೀತು. ಆದರೆ ಉದುರಿದ ಸೋಗೆ, ಹಾಳೆ, ಸುಲಿದ ಸಿಪ್ಪೆ ತೋಟದಲ್ಲಿಯೇ ಇವೆಯಲ್ಲ? ಅವುಗಳನ್ನು ಸುಡುವುದೇಕೆ? ಕತ್ತರಿಸಿ ಬುಡಕ್ಕೆ ಹೊದಿಸಿದರೆ ತೇವ ನಿಲ್ಲುತ್ತದೆ, ಕಳಿತರೆ ಗೊಬ್ಬರವಾಗುತ್ತದೆ. ರಸಗೊಬ್ಬರವನ್ನು ಒಂದೇ ಸಲ ಸುರಿಯದೆ, ನೀರಾವರಿ ಇರುವವರು ಫೆಬ್ರವರಿಯಲ್ಲಿ ಮೂರನೆಯ ಒಂದು ಪಾಲು, ಮಳೆ ಇಳಿದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಉಳಿದದ್ದು ಕೊಟ್ಟರೆ ಹಳ್ಳಕ್ಕೆ ಹೋಗುವುದು ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕು. ಬಸಿಗಾಲುವೆಯ ಹೂಳನ್ನು ಮಳೆಗಾಲಕ್ಕೆ ಮೊದಲೇ ತೆಗೆಯಬೇಕು. ಅಡಿಕೆಯ ಬೇರಿಗೆ ನೀರು ಎಷ್ಟು ಅಗತ್ಯವೋ ನಿಂತ ನೀರು ಅಷ್ಟೇ ಶತ್ರು.

ನೀರಿನದ್ದೂ ಅದೇ ಕತೆ. ಬೇಸಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ ೧೬ರಿಂದ ೨೦ ಲೀಟರ್ ಸಾಕು. ಈತ ಮರಕ್ಕೆ ಗಂಟೆಗೆ ಎಂಟು ಲೀಟರಿನ ಎರಡು ಡ್ರಿಪ್ಪರ್ ಇಟ್ಟು ಎರಡೂವರೆ ಗಂಟೆ ಬಿಡುತ್ತಿದ್ದ. ೪೦ ಲೀಟರ್! ಪೈಪು ಬದಲಾಗಿದೆ, ಕೈ ಬದಲಾಗಿಲ್ಲ.

ಹೊರಡುವ ಹೊತ್ತಿಗೆ ನಿಜವಾದ ವಿಷಯ ಹೊರಬಿತ್ತು. ಬೆಟ್ಟದ ಎರಡು ಎಕರೆ ಸವರಿ ಹೊಸ ಅಡಿಕೆ ಹಾಕುವುದು, ಅದಕ್ಕಾಗಿ ತಲೆಯ ಮೇಲೆ ಬೋರು ಕೊರೆಸುವುದು ಅಣ್ಣತಮ್ಮಂದಿರ ಆಲೋಚನೆಯಂತೆ. ಅಕ್ಕಪಕ್ಕದವರು ಮಾಡಿದ್ದಾರಂತೆ. ನಾನು ತುಸು ಕಟುವಾಗಿಯೇ ಹೇಳಿದೆ: "ತಮಾ, ಇರುವ ತೋಟದ ಸೊಪ್ಪು, ನೀರು ಎರಡನ್ನೂ ಕಡಿದು ಇಲ್ಲದ ತೋಟ ಮಾಡಲು ಹೊರಟಿದ್ದೀರಿ. ಆ ಒರತೆ ಬತ್ತಿದರೆ ಕೆಳಗಿನ ಮೂರು ಮನೆಗಳ ಬಾವಿಗೂ ನೀವೇ ಉತ್ತರ ಹೇಳಬೇಕು." ಅವನು ಸುಮ್ಮನೆ ಕರೆಯೋಲೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಹೋದ ವಾರ ಫೋನು ಮಾಡಿದ್ದ. ಮಣ್ಣು ಪರೀಕ್ಷೆಗೆ ಕೊಟ್ಟಿದ್ದಾನಂತೆ, ನೀರು ಬಿಡುವುದನ್ನು ಒಂದೂಕಾಲು ಗಂಟೆಗೆ ಇಳಿಸಿದ್ದಾನಂತೆ. ಬೆಟ್ಟದ ವಿಷಯ ಕೇಳಿದೆ. "ಅಣ್ಣ ಇನ್ನೂ ಒಪ್ಪಿಲ್ಲ, ಮಾಸ್ತರೇ. ನೀವೇ ಒಮ್ಮೆ ಮಾತಾಡಬೇಕು" ಎಂದ. ಅಣ್ಣನೂ ನನ್ನ ವಿದ್ಯಾರ್ಥಿಯೇ. ಈ ಭಾನುವಾರ ಹೊರಟಿದ್ದೇನೆ.