ಗಡಿ ಊರಿನ ಮಗುವಿಗೆ ಯಾವ ಬುದ್ಧಿ ಪರೀಕ್ಷೆ?

ಕೊಗನೊಳ್ಳಿಯಂತಹ ಗಡಿ ಊರಿನ ಕನ್ನಡ ಶಾಲೆಗೆ ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳಿಗೆ ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ ಆಡುವ ಮಕ್ಕಳು ಸಿಗುತ್ತಾರೆ. ಅಂಥ ಮಗು ಓದಿನಲ್ಲಿ ಬಹಳ ಹಿಂದುಳಿದರೆ ‘ಐಕ್ಯೂ ನೋಡಿಸಿ’ ಎಂಬ ಸಲಹೆ ಬೇಗ ಬರುತ್ತದೆ. ಯಾವ ಪರೀಕ್ಷೆಯಿಂದ, ಯಾವ ಭಾಷೆಯಲ್ಲಿ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ಬಿನೆ–ಕಾಮತ್ ಪರೀಕ್ಷೆಗೂ ನಮ್ಮ ಭಾಗಕ್ಕೂ ನಂಟಿದೆ. ವಿ. ವಿ. ಕಾಮತರು ಬಿನೆ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಆದರೆ ಇದರಲ್ಲಿ ಮಾತಿನ ಪ್ರಶ್ನೆಗಳೇ ಹೆಚ್ಚು. 10 ವರ್ಷದ ಮಗುವಿನ ಮಾನಸಿಕ ವಯಸ್ಸು 7 ಎಂದು ಬಂದರೆ ಬುದ್ಧಿಲಬ್ಧ 70. ಉತ್ತರ ತಪ್ಪಿದ್ದು ಬುದ್ಧಿ ಸಾಲದೆಯೋ, ಪ್ರಶ್ನೆಯ ಭಾಷೆ ತಿಳಿಯದೆಯೋ ಎಂಬುದನ್ನು ಆ 70 ಹೇಳುವುದಿಲ್ಲ.

ಮಾಲಿನ್ ಅವರ ಪರೀಕ್ಷೆ ವೆಕ್ಸ್‌ಲರ್ ಮಾಪಕದ ಭಾರತೀಯ ರೂಪ. ಇದು ಶಾಬ್ದಿಕ ಮತ್ತು ಕ್ರಿಯಾತ್ಮಕ ಅಂಕಗಳನ್ನು ಬೇರೆಬೇರೆಯಾಗಿ ಕೊಡುತ್ತದೆ. ಮಾತಿನ ಭಾಗದಲ್ಲಿ ಕಡಿಮೆ, ಕೈಕೆಲಸದ ಭಾಗದಲ್ಲಿ ಸಾಮಾನ್ಯ ಎಂದು ಬಂದರೆ ಭಾಷೆ, ಶ್ರವಣ, ಓದಿನ ತೊಂದರೆಗಳನ್ನು ಪರಿಶೀಲಿಸಬೇಕು. ರೇವನ್ ಅವರ ವರ್ಣ ಮಾತೃಕೆಗಳಲ್ಲಿ 36 ಚಿತ್ರ ಸಮಸ್ಯೆಗಳಿವೆ. ಉತ್ತರಕ್ಕೆ ಮಾತೇ ಬೇಕಿಲ್ಲ. ಭಾಟಿಯಾ ಅವರ ಐದು ಕ್ರಿಯಾತ್ಮಕ ಪರೀಕ್ಷೆಗಳು ಅಕ್ಷರ ಬಾರದವರಿಗೂ ನಡೆಯುತ್ತವೆ. ಆದರೆ ಅವು 11 ವರ್ಷ ಮೇಲ್ಪಟ್ಟವರಿಗೆ, ಮೂರನೇ ತರಗತಿಯ ಮಗುವಿಗಲ್ಲ.

ಹಾಗಾದರೆ ಮಾತಿಲ್ಲದ ಪರೀಕ್ಷೆಯೊಂದೇ ಸಾಕೇ? ಸಾಲದು. ಬಣ್ಣದ ಘನಗಳನ್ನು ಎಂದೂ ಮುಟ್ಟದ ಮಗು ಗಡಿಯಾರದ ಎದುರು ತಡವರಿಸಬಹುದು. ರೇವನ್ ಅಳೆಯುವುದೂ ಒಂದು ಬಗೆಯ ತರ್ಕವನ್ನಷ್ಟೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೂಡ ಬೌದ್ಧಿಕ ಅಸಾಮರ್ಥ್ಯವನ್ನು ಬುದ್ಧಿಯ ಮಿತಿಯೊಂದರಿಂದ ಗುರುತಿಸುವುದಿಲ್ಲ. ದಿನನಿತ್ಯದ ಹೊಂದಾಣಿಕೆಯ ನಡವಳಿಕೆಯನ್ನೂ ನೋಡುತ್ತದೆ. ಅಂಗಡಿಗೆ ಹೋಗಿ ಲೆಕ್ಕ ಹಾಕಿ ಚಿಲ್ಲರೆ ತರುವ, ತಂಗಿಯನ್ನು ಶಾಲೆಗೆ ಕರೆತರುವ ಮಗುವಿನ ಈ ಸಾಮರ್ಥ್ಯ ದಾಖಲಾಗಲೇಬೇಕು. ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತಾ ಮಾಪಕ ಇರುವುದು ಇದಕ್ಕಾಗಿಯೇ.

ಒಬ್ಬ ಮಗುವಿಗೆ ಇಷ್ಟೊಂದು ಪರೀಕ್ಷೆಗೆ ಸಮಯವೆಲ್ಲಿದೆ ಎಂದು ಕೆಲವರು ಕೇಳಬಹುದು. ‘ಬುದ್ಧಿಮಾಂದ್ಯ’ ಎಂಬ ಹಣೆಪಟ್ಟಿ ಮಗುವಿನ ಜೊತೆ ವರ್ಷಗಟ್ಟಲೆ ಉಳಿಯುತ್ತದೆ. ಅದರ ಮುಂದೆ ಹೆಚ್ಚಿನ ಒಂದೆರಡು ಗಂಟೆ ದೊಡ್ಡದಲ್ಲ.

ಪರೀಕ್ಷೆ ನಡೆಸುವುದು ತರಬೇತಿ ಪಡೆದ ಮನೋವಿಜ್ಞಾನಿಯ ಕೆಲಸ. ಆದರೆ ಸರಿಯಾದ ಪರೀಕ್ಷೆಯನ್ನು ಆರಿಸಲು ಅವರಿಗೆ ಶಿಕ್ಷಕರ ಶಿಫಾರಸು ಪತ್ರ ನೆರವಾಗುತ್ತದೆ. ಅದರಲ್ಲಿ ನಾಲ್ಕು ಸಂಗತಿ ಇರಲಿ: ಮನೆಮಾತು ಮತ್ತು ಕನ್ನಡ ಕಲಿಯುತ್ತಿರುವ ಅವಧಿ, ಹಾಜರಾತಿ, ಕಣ್ಣು–ಕಿವಿಗಳ ತಪಾಸಣೆ ಆಗಿದೆಯೇ, ತರಗತಿಯ ಹೊರಗೆ ಮಗು ತಾನಾಗಿ ಮಾಡಬಲ್ಲ ಕೆಲಸಗಳು. ವರದಿ ಬಂದಾಗ ಅಂಕಿಗಿಂತ ಮೊದಲು ಪರೀಕ್ಷೆಯ ಹೆಸರು ಮತ್ತು ಭಾಷೆಯನ್ನು ಓದಿ.

ಪ್ಯಾರಿಸ್ಸಿನ ಶಾಲೆಗಳಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಬಿನೆ 1905ರಲ್ಲಿ ತನ್ನ ಮಾಪಕವನ್ನು ಹೊರತಂದ. ನಮ್ಮ ಶಿಫಾರಸಿನ ಉದ್ದೇಶವೂ ನೆರವೇ ಆಗಿರಬೇಕು. ಪಾಠಯೋಜನೆ ಬರೆಯುವುದನ್ನು ಕಲಿಸುವಷ್ಟೇ ಆಸ್ಥೆಯಿಂದ ಶಿಫಾರಸು ಪತ್ರ ಬರೆಯುವುದನ್ನೂ ಬೋಧನಾಭ್ಯಾಸದಲ್ಲಿ ಕಲಿಸೋಣ.