ಮೂರನೆಯ ಕೈ

ಗೂಡಲೂರಿನಿಂದ ತಾಯಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗ ಕಳೆದ ರಜೆಯಲ್ಲಿ ಎಮರಾಲ್ಡ್ ಕಡೆ ಯಾರೋ ಹಿರಿಯರು ಟ್ರೌಟ್ ಮೀನಿಗೆ ಗಾಳ ಹಾಕುವುದನ್ನು ಕಂಡು ಬಂದನಂತೆ. ಆ ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿರಲಿಲ್ಲ. ನೂಲು, ಉಣ್ಣೆ, ಕೋಳಿಯ ಗರಿಗಳಿಂದ ಕಟ್ಟಿದ ಪುಟ್ಟ ನೊಣವೊಂದು ಅದರ ಮೇಲಿತ್ತು. ಅಂದಿನಿಂದ ತಾನೂ ಅಂಥ ನೊಣ ಕಟ್ಟಬೇಕೆಂಬ ಹಂಬಲ ಹುಡುಗನಿಗೆ ಹತ್ತಿದೆ. ಅದಕ್ಕೆ ‘ವೈಸ್’ ಎಂಬ ಉಪಕರಣ ಬೇಕು. ಅವನು ಆರಿಸಿರುವುದು ವಿದೇಶದ್ದು, ಬೆಲೆ 28,000 ರೂಪಾಯಿ. “ಚೀಟಿ ಎತ್ತಿದ ಹಣವಿದೆ. ಅದನ್ನು ಅವನ ತಂಗಿಯ ಹಾಸ್ಟೆಲಿಗೆಂದು ಇಟ್ಟಿದ್ದೆ. ಇಲ್ಲವೆಂದರೆ ಮಗನ ಬಾಡಿದ ಮುಖ ನೋಡಲಾರೆ. ನೀವು ನಡುವಟ್ಟದವರು, ಈ ಕೆಲಸ ಬಲ್ಲವರು; ನಿಜ ಹೇಳಿರಿ” ಎಂದು ಕೇಳಿದ್ದಾರೆ.

ನಿಜ ಹೇಳುವುದಾದರೆ, ಆ 28,000 ರೂಪಾಯಿ ಮಗಳ ಹಾಸ್ಟೆಲಿಗೇ ಇರಲಿ. ಆದರೆ ವೈಸೇ ಬೇಡವೆಂದು ನಾವು ಹೇಳಲಾರೆವು. ಈ ಎರಡು ಮಾತಿಗೂ ಕಾರಣ ಕೊಡಬೇಕಾದುದು ನಮ್ಮ ಹೊಣೆ.

ಇದು ನಮ್ಮ ನೆಲಕ್ಕೆ ತೀರ ಹೊಸದಾದ ಹುಚ್ಚೇನೂ ಅಲ್ಲ. ಭಾರತದಲ್ಲಿ ಗಾಳದ ಮೀನುಬೇಟೆಯನ್ನು ಕುರಿತ ಹೆಸರಾಂತ ಗ್ರಂಥವೊಂದು 1873ರಲ್ಲಿ ಹೊರಬಂದುದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಪುಸ್ತಕದ ಹೆಸರು ‘ದಿ ರಾಡ್ ಇನ್ ಇಂಡಿಯಾ’. ಅಂದು ಕಾಸರಗೋಡು ಅವರ ಜಿಲ್ಲೆಯೊಳಗೇ ಇತ್ತು. ಆ ಜಿಲ್ಲೆಯೂ ನಮ್ಮ ನೀಲಗಿರಿಯೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. ಟ್ರೌಟ್ ಮಾತ್ರ ಇಲ್ಲಿಯದಲ್ಲ. ಮೀನುಗಳ ವಿಷಯದಲ್ಲಿ ದೊಡ್ಡ ಪಂಡಿತರಾಗಿದ್ದ ಫ್ರಾನ್ಸಿಸ್ ಡೇ 1863ರಲ್ಲಿ ಅದನ್ನು ಈ ಬೆಟ್ಟಗಳಿಗೆ ತರಲು ಯತ್ನಿಸಿ ಸೋತರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಎಚ್. ಸಿ. ವಿಲ್ಸನ್ ಎಂಬವರ ಕಾಲಕ್ಕೆ, ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ಸಿದ್ಧವಾಗಿ, ಬಣ್ಣದ ಪಟ್ಟೆಯ ರೇನ್‌ಬೋ ಟ್ರೌಟ್ ನಮ್ಮ ಎತ್ತರದ ತಣ್ಣೀರಿನಲ್ಲಿ ನೆಲೆಯಾಯಿತು. ಸಿಂಕೋನವೂ ಹೊರಗಿನಿಂದ ಬಂದುದೇ, ಚಹವೂ ಹೊರಗಿನಿಂದ ಬಂದುದೇ. ನಡುವಟ್ಟದವರಾದ ನಮಗೆ ಪರದೇಶದ ಬೆಳೆಯ ನಡುವೆ ಬಾಳುವುದು ಹೊಸತಲ್ಲ. ಆದರೂ ಟ್ರೌಟ್ ಬೇಟೆಗಾರ ಮೀನು. ಹೊಳೆಯ ಮೂಲನಿವಾಸಿಗಳನ್ನು ನುಂಗಿಯೇ ಅದು ಬೆಳೆಯುತ್ತದೆ ಎಂಬುದನ್ನು ಮರೆಯಲಾಗದು.

ಇನ್ನು ವೈಸಿನ ವಿಚಾರ. ನೊಣ ಕಟ್ಟುವುದೆಂದರೆ ಅಂಗುಲದ ಅರ್ಧಕ್ಕಿಂತ ಚಿಕ್ಕದಾದ ಗಾಳದ ಕೊಕ್ಕೆಯ ಮೇಲೆ ನೂಲು ಸುತ್ತುವುದು. ಒಂದು ಕೈಗೆ ನೂಲು, ಇನ್ನೊಂದು ಕೈಗೆ ಗರಿ. ಹಾಗಾದರೆ ಗಾಳವನ್ನು ಹಿಡಿಯುವವರಾರು? ಹಿಂದಿನವರು ಅದನ್ನೂ ಎಡಗೈಯ ಎರಡು ಬೆರಳುಗಳ ನಡುವೆಯೇ ಹಿಡಿದು ಕಟ್ಟುತ್ತಿದ್ದರು. ಅದು ವರ್ಷಗಟ್ಟಲೆ ಪಳಗಿದ ಕೈಗಳ ಮಾತು. ಮೊದಲ ದಿನವೇ ನಮ್ಮ ನಿಮ್ಮಂಥವರು ಹಾಗೆ ಹೊರಟರೆ ನೂಲಿಗಿಂತ ಮೊದಲು ಹೆಬ್ಬೆರಳಿಗೆ ಗಾಳ ಬೀಳುತ್ತದೆ. ವೈಸ್ ನಮ್ಮ ಮೂರನೆಯ ಕೈ: ಎರಡು ಉಕ್ಕಿನ ದವಡೆಗಳು, ಅವುಗಳನ್ನು ಬಿಗಿಯುವ ಒಂದು ಹಿಡಿಕೆ, ನಿಲ್ಲಿಸಲು ಒಂದು ಕಂಬ. ಅಕ್ಕಸಾಲಿಗನ ಕೈಯಲ್ಲಿರುವ ಪುಟ್ಟ ವೈಸನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದು ಮಾಡಬೇಕಾದುದು ಒಂದೇ ಕೆಲಸ: ಗಾಳವನ್ನು ಅಲುಗದಂತೆ ಹಿಡಿಯುವುದು. ಬೆಲೆ ಏರುವುದೆಲ್ಲ ಈ ಕೆಲಸದ ಆಚೆಗಿನ ಸೌಕರ್ಯಗಳಿಂದ. ದುಬಾರಿ ವೈಸುಗಳಲ್ಲಿ ಗಾಳವು ತನ್ನ ಅಕ್ಷದ ಮೇಲೆಯೇ ಗಿರಗಿರನೆ ತಿರುಗುತ್ತದೆ. ನೊಣದ ಆಚೆಯ ಮಗ್ಗುಲನ್ನು ಕುಳಿತಲ್ಲೇ ನೋಡಬಹುದು, ಉಣ್ಣೆಯನ್ನು ಒಂದೇ ಸಮನೆ ಸುತ್ತಬಹುದು. ದಿನಕ್ಕೆ ನೂರು ನೊಣ ಕಟ್ಟಿ ಮಾರುವವನಿಗೆ ಅದು ಬೇಕು. ವಾರಕ್ಕೆ ನಾಲ್ಕು ಕಟ್ಟುವ ಹುಡುಗ ಕತ್ತನ್ನು ಸ್ವಲ್ಪ ಬಾಗಿಸಿ ಆಚೆಗೆ ನೋಡಿದರಾಯಿತು. ಅಮೆರಿಕದ ಥಾಮ್ಸನ್ ಕಂಪನಿಯ ‘ಎ’ ಮಾದರಿ ಎಂಬ ತಿರುಗದ ಸರಳ ವೈಸಿನ ಮೇಲೆ ಕಲಿತವರ ತಲೆಮಾರುಗಳೇ ಆಗಿಹೋದವು. ಅದೇ ಮಾದರಿಯನ್ನು ನೋಡಿ ನಮ್ಮ ದೇಶದಲ್ಲಿ ತಯಾರಾದ ವೈಸುಗಳು ಹೊರದೇಶಗಳ ಕಲಿಯುವವರ ಮೇಜಿಗೂ ಹೋಗಿವೆ. ಅಂಥವು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ.

ಅಗ್ಗದ್ದೆಲ್ಲ ಒಂದೇ ತೆರನಲ್ಲ ಎಂಬುದನ್ನೂ ಹೇಳಬೇಕು. ನಾವು ಮೊದಲು ತರಿಸಿದ ವೈಸಿನ ದವಡೆಗಳ ಉಕ್ಕು ಮೆತ್ತಗಿತ್ತು. ಹತ್ತು ಹದಿನೈದು ನೊಣ ಕಟ್ಟುವಷ್ಟರಲ್ಲಿ ಗಾಳದ ಒತ್ತಿಗೆ ದವಡೆಯೊಳಗೆ ಗೀರು ಬಿತ್ತು. ಆಮೇಲೆ ಎಷ್ಟು ಬಿಗಿದರೂ ನೂಲನ್ನು ಎಳೆದಾಗ ಗಾಳ ಕೆಳಕ್ಕೆ ಜಾರುವುದು, ಒಂದು ಸಂಜೆಯ ಕೆಲಸವೆಲ್ಲ ಬಿಚ್ಚಿಹೋಗುವುದು. ಕೈ ಬಾರದೆಂದು ನಾವು ನಮ್ಮನ್ನೇ ಹಳಿದುಕೊಂಡೆವು. ತಪ್ಪು ಉಪಕರಣದ್ದೆಂದು ತಿಳಿಯಲು ಒಂದು ಮಳೆಗಾಲವೇ ಬೇಕಾಯಿತು. ಹೊಸದಾಗಿ ಕಲಿಯುವವನಿಗೆ ಆಗುವ ನಿಜವಾದ ನಷ್ಟ ಇದು. ಹೋದ ಹಣವನ್ನು ಮತ್ತೆ ಗಳಿಸಬಹುದು, ‘ನನ್ನಿಂದಾಗದು’ ಎಂಬ ಭಾವನೆ ಒಮ್ಮೆ ಬೇರೂರಿದರೆ ಕೀಳುವುದು ಕಷ್ಟ.

ಆದ್ದರಿಂದ ಕೊಳ್ಳುವ ಮುಂಚೆ, ಅಥವಾ ಅಂಚೆಯಲ್ಲಿ ಬಂದೊಡನೆ ಹಿಂತಿರುಗಿಸುವ ಗಡುವು ಮುಗಿಯುವ ಮುಂಚೆ, ಪರೀಕ್ಷಿಸಿಕೊಳ್ಳಬೇಕು. ದವಡೆಗಳನ್ನು ಮೆಲ್ಲನೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿಗಳು ಮೊದಲು ಕೂಡಬೇಕು; ತುದಿಯಲ್ಲಿ ಸಂದು ಉಳಿದು ಹಿಂದೆ ಕೂಡಿದರೆ ಸಣ್ಣ ಗಾಳ ನಿಲ್ಲದು. ಅನಂತರ 12ನೆಯ ಸಂಖ್ಯೆಯ ಗಾಳವನ್ನು ಕಚ್ಚಿಸಿ, ಅದರ ಕಣ್ಣನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಿಡಿ. ಗಾಳದ ತಂತಿ ಬಾಗಿ ‘ಟಿಣ್’ ಎಂದು ಮೇಲೆದ್ದರೆ ಸರಿ. ತಂತಿ ಬಾಗದೆ ಗಾಳವೇ ತಿರುಗಿ ಕುಳಿತರೆ ಆ ವೈಸ್ ಬೇಡ. (ಗಾಳದ ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು, ಕೈಹೊಲಿಗೆಯ ಸೂಜಿಯ ಲೆಕ್ಕವನ್ನು ಬಲ್ಲ ಮನೆಯವರಿಗೆ ಇದು ವಿಚಿತ್ರವೆನಿಸದು.) ಕಲಿಯಲು 10 ಅಥವಾ 12 ಸಾಕು. 18, 20 ಎಂದು ಹೊರಟು ಕಣ್ಣು ಕೆಡಿಸಿಕೊಳ್ಳಬಾರದು.

ನಿಲ್ಲಿಸುವ ಬಗೆ ಎರಡು. ಒಂದು, ಭಾರವಾದ ಅಡಿಹಲಗೆಯ ಮೇಲೆ ನಿಲ್ಲುವುದು. ಇನ್ನೊಂದು, ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವುದು, ತೆಂಗಿನಕಾಯಿ ತುರಿಯುವ ಯಂತ್ರವನ್ನು ಅಡಿಗೆಮನೆಯಲ್ಲಿ ಬಿಗಿಯುತ್ತೇವಲ್ಲ, ಹಾಗೆ. ನಮ್ಮ ಒಲವು ಎರಡನೆಯದರ ಕಡೆಗೆ. ಬೆಲೆ ಕಡಿಮೆ, ಅಲುಗಾಟವಿಲ್ಲ. ಮೇಜಿನ ಅಂಚು ತೀರ ದಪ್ಪವಿದ್ದರೆ ಮಾತ್ರ ಮೊದಲು ಅಳೆದುಕೊಳ್ಳಬೇಕು.

ಬಳಸುವಾಗ ಹೆಚ್ಚಿನವರು ತಪ್ಪುವುದು ಬಿಗಿಯುವುದರಲ್ಲಿ. ಹಿಡಿಕೆಯ ಮುಂದೆ ತಿರುಗಿಸುವ ಬಳೆಯೊಂದಿರುತ್ತದೆ. ಗಾಳದ ದಪ್ಪಕ್ಕೆ ತಕ್ಕಂತೆ ದವಡೆಯ ಸಂದನ್ನು ಹೊಂದಿಸುವುದು ಆ ಬಳೆಯ ಕೆಲಸ. ಹಿಡಿಕೆ ಕೊನೆಯ ಬಿಗಿತವನ್ನು ಕೊಡುತ್ತದೆಯಷ್ಟೆ. ಸಣ್ಣ ಗಾಳ ತೆಗೆದು ದಪ್ಪ ಗಾಳ ಇಟ್ಟಾಗ ಬಳೆಯನ್ನು ಸಡಿಲಿಸದೆ ಹಿಡಿಕೆಯನ್ನು ಬಲವಂತದಿಂದ ಒತ್ತಿದರೆ ದವಡೆ ಹಲ್ಲು ಮುರಿದುಕೊಳ್ಳುತ್ತದೆ. ಒಂದೇ ಬೆರಳಿನ ಬಲಕ್ಕೆ ಹಿಡಿಕೆ ಕೂರಬೇಕು. ಗಾಳದ ಬಾಗಿನ ಕೆಳಭಾಗವನ್ನು ಮಾತ್ರ ದವಡೆಗೆ ಕೊಟ್ಟು, ಬೆನ್ನು ಮೇಜಿಗೆ ಸಮಾನಾಂತರವಾಗಿ, ಕಣ್ಣು ಬಲಕ್ಕೆ ಇರುವಂತೆ ಇಡಬೇಕು. ಮೊನೆಯನ್ನು ಪೂರ್ತಿ ದವಡೆಯೊಳಗೆ ಹುದುಗಿಸಿದರೆ ಮುಳ್ಳು ಜಜ್ಜಿಹೋಗಬಹುದು. ಹೊರಗೆ ಬಿಟ್ಟರೆ ನೂಲು ಅದಕ್ಕೆ ತಾಗಿ ಕಡಿಯುತ್ತದೆ. ಎರಡನೆಯದೇ ಮೇಲು. ನಾಲ್ಕು ಸಲ ನೂಲು ಕಡಿದರೆ ಐದನೆಯ ಸಲ ಕೈ ತಾನೇ ದೂರ ಸರಿಯುತ್ತದೆ. ಹಿಂದುಗಡೆ ಒಂದು ಬಿಳಿಯ ಕಾಗದ, ಎಡಗಡೆ ದೀಪ, ಮೊಣಕೈ ಊರಲು ಜಾಗ.

ಮೊದಲ ತಿಂಗಳು ಒಂದೇ ನೊಣ ಸಾಕು. ಕಂದುಬಣ್ಣದ ಹೊಲಿಗೆ ನೂಲಿನ ಮೈ, ಕೊರಳಿಗೆ ಹೇಂಟೆಯ ಮೆದುಗರಿಯ ಎರಡು ಸುತ್ತು. ನೂಲನ್ನು ಮೇಲಿನಿಂದ ಆಚೆಗೆ ಸುತ್ತುತ್ತ, ಮೊದಲ ಸುತ್ತುಗಳು ಒಂದರ ಮೇಲೊಂದು ಹಾಯ್ದು ತುದಿಯನ್ನು ಅದುಮುವಂತೆ ನೋಡಿಕೊಳ್ಳಬೇಕು. ಕೊನೆಗೆ ನೂಲಿನ ತುದಿಯನ್ನು ಅದರದೇ ಸುತ್ತುಗಳ ಅಡಿಯಿಂದ ಎಳೆದು ಕತ್ತರಿಸಿ, ಬಣ್ಣವಿಲ್ಲದ ನೈಲ್ ಪಾಲಿಷಿನ ಒಂದು ಹನಿ. ಅಕ್ಕತಂಗಿಯರಿರುವ ಮನೆಯಲ್ಲಿ ಅದಕ್ಕೆ ಬೇರೆ ಖರ್ಚಿಲ್ಲ.

ಗರಿಯ ವಿಷಯದಲ್ಲಿ ಮಾತ್ರ ನಮ್ಮ ಮಾತು ಸ್ವಲ್ಪ ಕಟುವಾದೀತು. ನಡುವಟ್ಟದ ಕಾಡಂಚಿನಲ್ಲಿ ಬೆಳಗಿನ ಜಾವ ಕೂಗುವ ಬೂದು ಕಾಡುಕೋಳಿಯ ಹುಂಜನ ಕೊರಳಗರಿಯಲ್ಲಿ ಮೇಣ ಮೆತ್ತಿದಂತೆ ಹೊಳೆಯುವ ಚುಕ್ಕೆಗಳಿವೆ. ಸ್ಕಾಟ್ಲೆಂಡಿನ ಸಾಲ್ಮನ್ ಮೀನಿನ ಹಳೆಯ ನೊಣಗಳಿಗೆ ಕಣ್ಣಿನಂತೆ ಇಡುತ್ತಿದ್ದುದು ಈ ಗರಿಯನ್ನೇ. ದಕ್ಷಿಣದ ಕಾಡುಗಳಿಂದ ಎಷ್ಟೋ ಹಕ್ಕಿಗಳ ಕೊರಳು ಹೀಗೆ ಹಡಗೇರಿ ಹೋಯಿತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಆ ಹಕ್ಕಿಗಿದೆ. ಹಿಡಿಯುವುದೂ ಅಪರಾಧ, ಗರಿಯ ವ್ಯಾಪಾರವೂ ಅಪರಾಧ. ಚಿತ್ರಗಳಲ್ಲಿ ಈ ಗರಿಯನ್ನು ನೋಡಿದ ಹುಡುಗರಿಗೆ ಉರುಳು ಒಡ್ಡುವ ಆಸೆ ಹುಟ್ಟಬಾರದೆಂದೇ ಇದನ್ನು ಇಲ್ಲಿ ಹೇಳಿದೆವು. ಮನೆಯ ಹಿತ್ತಲ ಕೋಳಿ ಕೊಡುವ ಗರಿಗೇ ಮೀನು ಬರುತ್ತದೆ. ಹಾಗೆಯೇ ಮುಕುರ್ತಿ ರಾಷ್ಟ್ರೀಯ ಉದ್ಯಾನದ ಹೊಳೆಗಳು ಗಾಳಕ್ಕಲ್ಲ. ಉಳಿದ ಕಡೆಯೂ ಉದಕಮಂಡಲದ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಪರವಾನಗಿ ಪಡೆದ ಮೇಲೆಯೇ ಗಾಳ ಹಾಕಬೇಕು.

ಜೂನ್ ತಿಂಗಳಿಂದ ಇಲ್ಲಿ ಮಳೆ ಹಿಡಿದರೆ ಎದುರು ಮನೆ ಕಾಣದಷ್ಟು ಮಂಜು. ಆ ದಿನಗಳಲ್ಲಿ ಉಕ್ಕಿನ ಸಾಮಾನೆಲ್ಲ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ದವಡೆಯನ್ನು ಸಡಿಲಗೊಳಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಒರಸಿಡಬೇಕು. ಕೊಬ್ಬರಿ ಎಣ್ಣೆ ಬೇಡ. ನಮ್ಮ ಚಳಿಗೆ ಅದು ತಿರುಪಿನೊಳಗೆ ಹೆಪ್ಪುಗಟ್ಟಿ ಕೂರುತ್ತದೆ.

ಆ ತಾಯಿಗೆ ನಮ್ಮದೊಂದು ಸೂಚನೆಯಿದೆ. ಮೆತ್ತನೆಯ ದವಡೆಯದನ್ನು ಬಿಟ್ಟಮೇಲೆ ನಾವು ಕೊಂಡ ಎರಡನೆಯ ವೈಸ್ ಇಂದಿಗೂ ಸುಸ್ಥಿತಿಯಲ್ಲಿದೆ. ಮಗನನ್ನು ಒಂದು ಭಾನುವಾರ ಗೂಡಲೂರಿನಿಂದ ಬಸ್ಸು ಹತ್ತಿಸಿ ನಮ್ಮಲ್ಲಿಗೆ ಕಳುಹಿಸಿರಿ. ಅದನ್ನು ಕೊಂಡುಹೋಗಿ ಮಳೆಗಾಲ ಮುಗಿಯುವ ತನಕ ಇಟ್ಟುಕೊಳ್ಳಲಿ. ಐವತ್ತು ನೊಣ ಕಟ್ಟಿದ ಮೇಲೂ ಆಸೆ ಉಳಿದರೆ ಸ್ವಂತದ್ದೊಂದನ್ನು ಕೊಳ್ಳುವ ಮಾತು. ಅಷ್ಟರಲ್ಲಿ ಏನು ಬೇಕೆಂದು ಅವನಿಗೇ ತಿಳಿದಿರುತ್ತದೆ. ದವಡೆಯ ಎಡಬದಿಯಲ್ಲಿ ಅಕ್ಕಿಯ ನುಚ್ಚಿನಷ್ಟು ಒಂದು ಮುಕ್ಕು ಕಾಣುತ್ತದೆ. ಅದು ಬಳೆಯನ್ನು ಸಡಿಲಿಸದೆ ನಾವೇ ಹಿಡಿಕೆ ಒತ್ತಿದ ಗುರುತು; ಅವನು ಮಾಡಿದ್ದೆಂದು ನಾವು ಲೆಕ್ಕ ಕೇಳುವುದಿಲ್ಲ.