ಮಂಜುಗಡ್ಡೆಗೊಂದು ಇಕ್ಕಳ

ಜಗಳೂರಿನ ಬಿಸಿಲಿನಲ್ಲಿ ಬಂದ ನೆಂಟರಿಗೆ ಪಾನಕ ಕೊಡುವಾಗ ಮಂಜುಗಡ್ಡೆಯ ತುಂಡುಗಳನ್ನು ಬರಿಗೈಯಿಂದ ಹಾಕುವುದುಂಟು. ತಣ್ಣಗಿದ್ದುದೆಲ್ಲ ಶುದ್ಧವೆಂಬ ಭ್ರಮೆ ಬೇಡ. ಕೈಯ ಕೊಳೆಯೊಡನೆ ಬಂದ ರೋಗಾಣುಗಳು ಶೀತದಲ್ಲಿ ಬದುಕಿದ್ದು, ಗಡ್ಡೆ ಕರಗಿದೊಡನೆ ಹೊಟ್ಟೆ ಸೇರುತ್ತವೆ. ಪಾನಕದ ಬದಲು ‘ಬೇರೆಯದನ್ನು’ ಬಡಿಸುವ ಮನೆಯವರೂ ನಿಶ್ಚಿಂತರಾಗುವಂತಿಲ್ಲ: ಗಡ್ಡೆಯೊಳಗಿನ ಕೆಲವು ರೋಗಾಣುಗಳು ವಿಸ್ಕಿಯಲ್ಲಿ ಕರಗಿದ ಮೇಲೂ ಉಳಿದುದನ್ನು ಅಮೆರಿಕದ ಸಂಶೋಧಕರು 1985ರಲ್ಲಿ ಪ್ರಕಟಿಸಿದರು.

ಆದುದರಿಂದ ಇಕ್ಕಳವೊಂದಿರಲಿ. ಒಲೆಯಿಂದ ಪಾತ್ರೆ ಇಳಿಸುವ ಇಕ್ಕಳ ಇದಕ್ಕೆ ಒದಗದು; ಗಡ್ಡೆ ಜಾರಿ ಭಾವನವರ ಪಂಚೆಯ ಮೇಲೆ ಬಿದ್ದೀತು! ತುದಿಯಲ್ಲಿ ಹಲ್ಲುಗಳಿರುವ, ತುಕ್ಕು ಹಿಡಿಯದ ಉಕ್ಕಿನದೇ ಉತ್ತಮ. ಅಂಗಡಿಯಲ್ಲಿಯೇ ಅದುಮಿ ನೋಡಿರಿ: ತುದಿಗಳೆರಡೂ ನೇರವಾಗಿ ಕೂಡಬೇಕು, ಬಿಟ್ಟೊಡನೆ ತಾವಾಗಿ ತೆರೆಯಬೇಕು. ಹಿಡಿಯ ಚಿತ್ತಾರದ ಸಂದುಗಳಲ್ಲಿ ಕೊಳೆ ನಿಲ್ಲುವುದರಿಂದ ನುಣುಪಾದ ಹಿಡಿಯನ್ನೇ ಆರಿಸಿರಿ. ಗಡ್ಡೆ ಕಟ್ಟಲು ಕಾಯಿಸಿ ಆರಿಸಿದ ನೀರನ್ನೇ ಇಡಿರಿ.